ಕೈಗಡಿಯಾರಕ್ಕೆ ಯಾವ ಪುಟ್ಟ ಪರದೆ: ಒಎಲ್‌ಇಡಿ, ದುಂಡು ಟಿಎಫ್‌ಟಿ, ಮೆಮೊರಿ ಎಲ್‌ಸಿಡಿ

ಸದಾ ಸಮಯ ತೋರಿಸುತ್ತಲೇ ಇರಬೇಕಾದ ಕೈಗಡಿಯಾರ ಕಟ್ಟುವವರಿದ್ದರೆ ಶಾರ್ಪ್ ಕಂಪನಿಯ ಮೆಮೊರಿ ಎಲ್‌ಸಿಡಿಯನ್ನೇ ಹಾಕಿ. ತಾನೇ ಬೆಳಗುವ ಒಎಲ್‌ಇಡಿ, ಹಿಂದಿನ ದೀಪದಿಂದ ಕಾಣುವ ದುಂಡು ಬಣ್ಣದ ಟಿಎಫ್‌ಟಿ, ಈ ಮೆಮೊರಿ ಎಲ್‌ಸಿಡಿ, ಮೂರನ್ನೂ ಬೋರ್ಡಿಗೆ ಜೋಡಿಸಿ ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ. 2013ರಲ್ಲಿ ಬಂದ ಪೆಬಲ್ ವಾಚು ಈ ಜಾತಿಯ ಪರದೆಯಿಂದಲೇ ಒಂದು ಚಾರ್ಜಿಗೆ ದಿನಗಟ್ಟಲೆ ಓಡುತ್ತಿತ್ತು. ಅಳತೆ, ಬಣ್ಣಗಳೆಲ್ಲ ಡೇಟಾಶೀಟಿನಲ್ಲಿವೆ. ಇಲ್ಲಿ ನೋಡಬೇಕಾದ್ದು ಪರದೆಯನ್ನು ನಡೆಸುವ ಚಿಪ್ಪು, ಅಂದರೆ ಕಂಟ್ರೋಲರ್, ಎಲ್ಲಿ ಕೂತಿದೆ, ಎಷ್ಟು ಕೆಲಸವನ್ನು ತಾನೇ ಮಾಡುತ್ತದೆ, ಎಷ್ಟನ್ನು ನಿಮ್ಮ ತಲೆಗೆ ಕಟ್ಟುತ್ತದೆ ಎಂಬುದು.

0.96 ಇಂಚಿನ ಒಎಲ್‌ಇಡಿಯಲ್ಲಿ ಎಸ್‌ಎಸ್‌ಡಿ1306 ಚಿಪ್ಪು ಗಾಜಿನ ಅಂಚಿಗೇ ಅಂಟಿಕೊಂಡಿರುತ್ತದೆ. 1024 ಬೈಟಿನ ಚಿತ್ರ ಮೆಮೊರಿ, ಸಾಲು-ಕಂಬಗಳ ಡ್ರೈವರ್, ಏಳು ವೋಲ್ಟಿಗೂ ಮೇಲೆ ಏರಿಸುವ ಚಾರ್ಜ್ ಪಂಪ್ ಎಲ್ಲವೂ ಅದರೊಳಗೇ. ಹೊರಗೆ ಬೇಕಾಗುವುದು ನಾಲ್ಕಾರು ಕೆಪಾಸಿಟರು, ಒಂದು ರೆಸಿಸ್ಟರು. ಚಾರ್ಜ್ ಪಂಪ್ ಆನ್ ಮಾಡುವ ಕಮಾಂಡ್ ಬಿಟ್ಟುಹೋದರೆ ಚಿಪ್ಪು ಡೇಟಾ ತಂತಿಗಳ ಮೇಲೆ ಸರಿಯಾಗಿ ಉತ್ತರ ಕೊಡುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಇದೊಂದು ಗೊತ್ತಿದ್ದರೆ ಮಿಕ್ಕಿದ್ದು ಸಲೀಸು. 1.3 ಇಂಚಿನದರಲ್ಲಿ ಸಾಮಾನ್ಯವಾಗಿ ಬರುವ ಎಸ್‌ಎಚ್1106ರ ಮೆಮೊರಿ 132 ಕಂಬಗಳದ್ದು. ಹಾಗಾಗಿ ಚಿತ್ರ ಎರಡು ಪಿಕ್ಸೆಲ್ ಪಕ್ಕಕ್ಕೆ ಸರಿದರೆ ಕಂಬದ ವಿಳಾಸಕ್ಕೆ 2 ಸೇರಿಸಿ.

ಇದರ ತೊಡಕು ಕರೆಂಟಿನದು. ಎಲ್ಲ ಪಿಕ್ಸೆಲ್ ಬೆಳಗಿದರೆ 20 ಮಿಲಿಆಂಪಿಯರ್ ಆಸುಪಾಸು ಎಳೆಯುತ್ತದೆ. ಸಿಆರ್2032 ಬಿಲ್ಲೆ ಬ್ಯಾಟರಿಗೆ ಅದು ಭಾರ, ವೋಲ್ಟೇಜ್ ಕುಸಿದು ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ. ಮಲಗಿಸಿದಾಗ ಚಿಪ್ಪಿನ ಬಳಕೆ 10 ಮೈಕ್ರೋಆಂಪಿಯರಿಗಿಂತ ಕಡಿಮೆಯೇ, ಆದರೆ ಮಾಡ್ಯೂಲಿನ ಮೇಲಿರುವ ವೋಲ್ಟೇಜ್ ರೆಗ್ಯುಲೇಟರ್ ನಿದ್ದೆ ಮಾಡುವುದಿಲ್ಲ, ಅದನ್ನು ತೆಗೆದುಹಾಕಿ. ಒಂದೇ ಜಾಗದಲ್ಲಿ ಸದಾ ಅಂಕಿ ತೋರಿಸಿದರೆ ಆ ಪಿಕ್ಸೆಲ್‌ಗಳು ಬೇಗ ಮಂಕಾಗುತ್ತವೆ.

1.28 ಇಂಚಿನ ದುಂಡು ಟಿಎಫ್‌ಟಿ, ಜಿಸಿ9ಎ01 ಕಂಟ್ರೋಲರಿನದು, ನೋಡಲು ಚೆಂದ. ಆದರೆ 16 ಬಿಟ್ ಬಣ್ಣದ ಒಂದು ಪೂರ್ತಿ ಚಿತ್ರಕ್ಕೆ 1,15,200 ಬೈಟು ಸಾಗಿಸಬೇಕು, 40 ಮೆಗಾಹರ್ಟ್ಸ್ ವೇಗದಲ್ಲೂ 23 ಮಿಲಿಸೆಕೆಂಡು. ಹಿಂದಿನ ದೀಪ ಆರಿತೆಂದರೆ ಏನೂ ಕಾಣದು. ದಿನವೂ ಚಾರ್ಜ್ ಮಾಡಲು ಬೇಸರವಿಲ್ಲದವರಿಗೆ ಸರಿ.

ಇನ್ನು ಮೆಮೊರಿ ಎಲ್‌ಸಿಡಿ. ನಾನು ಬಳಸುವುದು 128×128 ಪಿಕ್ಸೆಲ್ಲಿನ ಎಲ್‌ಎಸ್013ಬಿ7ಡಿಎಚ್03. ಇದರಲ್ಲಿ ಪ್ರತಿ ಪಿಕ್ಸೆಲ್ಲಿನ ಅಡಿಯಲ್ಲೇ ಒಂದು ಬಿಟ್ ಮೆಮೊರಿ ಇದೆ, ಗಾಜೇ ಚಿತ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬದಲಾದ ಸಾಲುಗಳನ್ನಷ್ಟೇ ಕಳಿಸಿದರೆ ಸಾಕು. 24 ಸಾಲು ಎತ್ತರದ ಅಂಕಿ ಬದಲಿಸಲು 434 ಬೈಟು, 1 ಮೆಗಾಹರ್ಟ್ಸ್‌ನಲ್ಲಿ ಮೂರೂವರೆ ಮಿಲಿಸೆಕೆಂಡು. ಸಾಲಿನ ಒಂದೇ ಒಂದು ಪಿಕ್ಸೆಲ್ ಬದಲಿಸಲು ಆಗುವುದಿಲ್ಲ, ಇಡೀ ಸಾಲನ್ನೇ ಬರೆಯಬೇಕು, ಬರೆದದ್ದನ್ನು ವಾಪಸು ಓದಲೂ ಬರುವುದಿಲ್ಲ. ಪೂರ್ತಿ ಚಿತ್ರದ ನಕಲಿಗೆ 2048 ಬೈಟು ಬೇಕು. ಎಟಿಮೆಗಾ328 ಮೈಕ್ರೋಕಂಟ್ರೋಲರಿನ ಒಟ್ಟು ರ‍್ಯಾಮೇ ಅಷ್ಟು, ಆದ್ದರಿಂದ ಅದರಲ್ಲಿ ಒಂದೊಂದೇ ಸಾಲನ್ನು 16 ಬೈಟಿನಲ್ಲಿ ಕಟ್ಟಿ ಕಳಿಸಿ. ಪರದೆಯನ್ನು ಮಾತಿಗೆ ಕರೆಯುವ ಚಿಪ್ ಸೆಲೆಕ್ಟ್ ಪಿನ್ ಇಲ್ಲಿ ಹೈ ಇದ್ದಾಗ ಕೆಲಸ ಮಾಡುತ್ತದೆ, ಸಾಲಿನ ವಿಳಾಸ 1ರಿಂದ ಶುರುವಾಗಿ ಕಿರಿಯ ಬಿಟ್ ಮೊದಲು ಹೋಗುತ್ತದೆ. ಇವೆರಡರಲ್ಲಿ ಒಂದು ತಪ್ಪಿದರೂ ಪರದೆ ಅಲುಗದು.

ತಲೆ ತಿನ್ನುವ ತೊಡಕು ವಿಕಾಮ್, ಅಂದರೆ ವೋಲ್ಟೇಜಿನ ದಿಕ್ಕು ಬದಲಿಸುವ ಸಿಗ್ನಲ್. ದ್ರವ ಹರಳಿನ ಮೇಲೆ ಒಂದೇ ದಿಕ್ಕಿನ ವೋಲ್ಟೇಜ್ ನಿಂತುಬಿಟ್ಟರೆ ಹಳೆಯ ಚಿತ್ರದ ನೆರಳು ಉಳಿಯುತ್ತದೆ, ಕಾಲಕ್ರಮೇಣ ಪ್ಯಾನೆಲ್ಲೇ ಕೆಡುತ್ತದೆ. ಬೇರೆ ಎರಡು ಪರದೆಗಳ ಕಂಟ್ರೋಲರ್ ತನ್ನ ಡ್ರೈವ್ ಸಿಗ್ನಲ್ಲನ್ನು ತಾನೇ ನೋಡಿಕೊಳ್ಳುತ್ತದೆ, ಇಲ್ಲಿ ಧ್ರುವ ಬದಲಿಸುವ ತಾಳವನ್ನು ನೀವೇ ಕೊಡಬೇಕು. ಕನಿಷ್ಠ ಸೆಕೆಂಡಿಗೊಮ್ಮೆಯಾದರೂ.

ಈ ತಾಳ ಎಲ್ಲಿಂದ ಬರಬೇಕೆಂದು ತೀರ್ಮಾನಿಸುವುದು ಎಕ್ಸ್‌ಟ್‌ಮೋಡ್ ಪಿನ್. ಅದು ಲೋ ಇದ್ದರೆ ಕಮಾಂಡ್ ಬೈಟಿನ ಎರಡನೇ ಬಿಟ್ಟನ್ನು ಬದಲಿಸುತ್ತಾ ಹೋಗಬೇಕು. ಆ ಬಿಟ್ಟನ್ನು ಟೈಮರ್ ಒಂದೇ ತಿರುಗಿಸಲಿ, ಚಿತ್ರ ಬರೆಯುವ ಫಂಕ್ಷನ್ ಈಗಿರುವ ಬೆಲೆಯನ್ನು ಓದಿ ಬಳಸಲಿ. ಪ್ರತಿ ಬರಹಕ್ಕೂ ತಿರುಗಿಸಿದರೆ ಎರಡು ದಿಕ್ಕಿನ ಅವಧಿ ಸಮವಾಗುವುದಿಲ್ಲ. ಡೀಬಗ್ಗರಿನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ, ಪ್ರೋಗ್ರಾಂ ನಿಲ್ಲಿಸಿ ಊಟಕ್ಕೆ ಎದ್ದು ಹೋಗಬೇಡಿ, ಅಷ್ಟು ಹೊತ್ತೂ ವಿಕಾಮ್ ನಿಂತಿರುತ್ತದೆ.

ನನ್ನ ಆಯ್ಕೆ ಎಕ್ಸ್‌ಟ್‌ಮೋಡ್ ಹೈ ಮಾಡಿ, ಎಕ್ಸ್‌ಟ್‌ಕಾಮಿನ್ ಪಿನ್ನಿಗೆ ಹೊರಗಿನ ಗಡಿಯಾರದ ಸಿಗ್ನಲ್ ಕೊಡುವುದು. ಆಗ ಪ್ರೊಸೆಸರ್ ನಿಮಿಷಕ್ಕೊಮ್ಮೆ ಎದ್ದರೂ ಸಾಕು. ಇಲ್ಲೂ ಒಂದು ತೊಡಕಿದೆ. ಡಿಎಸ್3231 ಗಡಿಯಾರ ಚಿಪ್ಪಿನ 1 ಹರ್ಟ್ಸ್ ಔಟ್‌ಪುಟ್ ಓಪನ್ ಡ್ರೈನ್, ಅಂದರೆ ಲೋಗೆ ಎಳೆಯಬಲ್ಲದು, ಹೈಗೆ ಏರಿಸಲಾರದು, ಮೇಲಕ್ಕೆ ಎಳೆಯುವ ಪುಲ್-ಅಪ್ ರೆಸಿಸ್ಟರ್ ಬೇಕೇ ಬೇಕು. 3 ವೋಲ್ಟಿನಲ್ಲಿ 100 ಕಿಲೋಓಮ್ ಹಾಕಿದರೂ ಅರ್ಧ ಹೊತ್ತು ಲೋ ಇರುವುದರಿಂದ ಸರಾಸರಿ 15 ಮೈಕ್ರೋಆಂಪಿಯರ್ ಅಲ್ಲೇ ಸೋರುತ್ತದೆ. ಅದರ ಬದಲು ಎಸ್‌ಟಿಎಂ32ಎಲ್4 ಮೈಕ್ರೋಕಂಟ್ರೋಲರಿನ ಒಳಗಿನ ಗಡಿಯಾರದ, ಅಂದರೆ ಆರ್‌ಟಿಸಿಯ, ಪಿನ್ನಿನಿಂದಲೇ 1 ಹರ್ಟ್ಸ್ ಪುಷ್-ಪುಲ್ ಔಟ್‌ಪುಟ್ ತೆಗೆಯಿರಿ, ಅದು ಹೈ, ಲೋ ಎರಡಕ್ಕೂ ತಾನೇ ಎಳೆಯುತ್ತದೆ. ಎನ್‌ಆರ್‌ಎಫ್52 ಮೈಕ್ರೋಕಂಟ್ರೋಲರಿನಲ್ಲಾದರೆ ಆರ್‌ಟಿಸಿಯನ್ನು ಚಿಪ್ಪಿನ ಭಾಗಗಳನ್ನು ನೇರ ಜೋಡಿಸುವ ಪಿಪಿಐ ಮೂಲಕ ಪಿನ್ನಿಗೆ ಕಟ್ಟಿದರೆ ಪ್ರೊಸೆಸರ್ ಏಳುವ ಅಗತ್ಯವೇ ಇಲ್ಲ.

ಮೊದಲು ಪವರ್, ಆಮೇಲೆ ಪಿಕ್ಸೆಲ್ ಮೆಮೊರಿ ಅಳಿಸುವುದು, ಆಮೇಲೆ ಚಿತ್ರ ತೋರಿಸುವ ಡಿಸ್ಪ್ ಪಿನ್ ಹೈ, ಈ ಕ್ರಮ ತಪ್ಪಿಸಬೇಡಿ. 0.5 ಮಿಲಿಮೀಟರ್ ಅಂತರದ 10 ಪಿನ್ನಿನ ರಿಬ್ಬನ್ ನಾಜೂಕು, ಕನೆಕ್ಟರಿನ ಸಂಪರ್ಕ ಮೇಲೋ ಕೆಳಗೋ ಎಂದು ಬೋರ್ಡ್ ಮಾಡಿಸುವ ಮುಂಚೆಯೇ ನೋಡಿ.

ಒಎಲ್‌ಇಡಿಗಿಂತ ಇದು ದುಬಾರಿ, ಕತ್ತಲಲ್ಲಿ ಕಾಣದು. ಬಿಸಿಲಲ್ಲಿ ಇದರಷ್ಟು ಸ್ಪಷ್ಟವಾಗಿ ಮಿಕ್ಕ ಎರಡೂ ಕಾಣುವುದಿಲ್ಲ. ವಾರಕ್ಕೊಮ್ಮೆಗಿಂತ ಹೆಚ್ಚು ಚಾರ್ಜ್ ಮಾಡಲು ನನಗೆ ಮನಸ್ಸಿಲ್ಲ, ಬಣ್ಣವೂ ಬೇಡ, ಆ ಹೆಚ್ಚುವರಿ ಹಣ ನನಗೆ ಭಾರವಲ್ಲ. ಗುಂಡಿ ಒತ್ತಿದಾಗ ಎರಡು ಸೆಕೆಂಡು ಬೆಳಗಿದರೆ ಸಾಕು ಎನ್ನುವವರು ಎಸ್‌ಎಸ್‌ಡಿ1306ನ್ನೇ ಹಾಕಿ, ರೆಗ್ಯುಲೇಟರ್ ಕಿತ್ತು, ಬಿಲ್ಲೆಯ ಬದಲು ಪುಟ್ಟ ಲಿಥಿಯಂ ಪಾಲಿಮರ್ ಬ್ಯಾಟರಿ ಕೊಟ್ಟು.