ಮದುವೆ ಕೇಂದ್ರಕ್ಕೆ ಬಯೋಡಾಟಾ ಕೊಡುವ ಮುಂಚೆ ಓದಿ: ನನ್ನ ತಂಗಿಯ ವಿವರ ಫೇಸ್‌ಬುಕ್‌ಗೆ ಹಾಕಿಬಿಟ್ಟರು

ಬಾಗಲಕೋಟೆ, ವಿಜಯಪುರ ಕಡೆ ಮದುವೆಗೆ ಬಂದ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ. ಆ ಕೇಂದ್ರದ ಹೆಸರು ಬರೆಯುತ್ತಿಲ್ಲ. ಬರೆದರೆ ಮತ್ತೆ ಅಲ್ಲಿ ಹುಡುಕಿ ನಮ್ಮ ಮನೆ ಯಾವುದು ಅಂತ ಇನ್ನಷ್ಟು ಜನಕ್ಕೆ ಗೊತ್ತಾಗುತ್ತೆ. ಆಗಿದ್ದೇ ಸಾಕಾಗಿದೆ.

ತಂಗಿಗೆ ಗಂಡು ನೋಡುತ್ತಿದ್ದೇವೆ. ಒಂದು ವಧು-ವರರ ಕೇಂದ್ರದಲ್ಲಿ ಫೀ ಕಟ್ಟಿ ಬಯೋಡಾಟಾ, ಫೋಟೋ ಕೊಟ್ಟಿದ್ದೆವು. ಇದು ಹೇಗೆ ನಡೆಯುತ್ತೆ ಅಂತ ನಿಮಗೆಲ್ಲ ಗೊತ್ತು. ಅವರು ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆ, ಹೊಂದುವ ಮನೆಯವರಿಗೆ ತೋರಿಸುತ್ತಾರೆ, ಎರಡೂ ಕಡೆ ಮನಸ್ಸಿದ್ದರೆ ನಂಬರ್ ಕೊಡುತ್ತಾರೆ. ಅಷ್ಟೇ ಅಲ್ವಾ? ಇವರು ಇಡೀ ಬಯೋಡಾಟಾಕ್ಕೆ ಹೂವಿನ ಅಂಚು ಹಾಕಿ ತಮ್ಮ ಫೇಸ್‌ಬುಕ್ ಪೇಜಿಗೆ ಏರಿಸಿದ್ದಾರೆ! ಯಾರು ಬೇಕಾದರೂ ನೋಡಬಹುದು. ನಮಗೆ ಒಂದು ಮಾತು ಕೇಳಿಲ್ಲ, ಹೇಳಿಲ್ಲ.

ಬಯೋಡಾಟಾದಲ್ಲಿ ಏನೇನಿರುತ್ತೆ ನೆನಪು ಮಾಡಿಕೊಳ್ಳಿ. ಹುಟ್ಟಿದ ತಾರೀಖು, ವೇಳೆ, ನಕ್ಷತ್ರ, ಬೆಡಗು (ಗೋತ್ರ ಇದ್ದ ಹಾಗೆ). ಅಪ್ಪನ ಹೆಸರು, ಮೊಬೈಲ್ ನಂಬರ್. ಸೋದರಮಾವನ ಮನೆತನ, ಊರು. ಹುಡುಗಿ ಎಲ್ಲಿ ಕೆಲಸ ಮಾಡುತ್ತಾಳೆ, ಸಂಬಳ ಎಷ್ಟು. ಕೊನೆಗೆ ಮನೆ ವಿಳಾಸ. ಅದೂ ಬಾಗಲಕೋಟೆಯ ನವನಗರದ ವಿಳಾಸ. ಆಲಮಟ್ಟಿ ಹಿನ್ನೀರಲ್ಲಿ ಮನೆ ಕಳಕೊಂಡವರಿಗೆ ಅಂತ ನಕ್ಷೆ ಹಾಕಿ ಕಟ್ಟಿದ ಊರು ಇದು. ಸೆಕ್ಟರ್ ನಂಬರ್, ಮನೆ ನಂಬರ್ ಸಿಕ್ಕರೆ ಸಾಕು, ಯಾರನ್ನೂ ಕೇಳದೆ ಸೀದಾ ನಮ್ಮ ಬಾಗಿಲಿಗೇ ಬರಬಹುದು.

ರಾತ್ರಿ ಹೊತ್ತು ಅಪ್ಪನಿಗೆ ಫೋನ್ ಬರೋಕೆ ಶುರುವಾಯಿತು. ಕೆಲವರು ಮಾತಾಡದೆ ಇಡುತ್ತಿದ್ದರು. ಒಬ್ಬ ನೇರವಾಗಿ ತಂಗಿಯ ನಂಬರ್ ಕೊಡಿ ಅಂದ. ನಂಬರ್ ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಕಟ್.

ಆಮೇಲೆ ಸೊಲ್ಲಾಪುರದಿಂದ ಒಬ್ಬ ಫೋನ್ ಮಾಡಿದ. ಹುಡುಗನ ಕಾಕಾ ಅಂತೆ. ಮಾತು ಪಕ್ಕಾ ನಮ್ಮ ಕಡೆಯದ್ದೇ. ತಂಗಿಯ ನಕ್ಷತ್ರ ಹೇಳಿದ, ನಮ್ಮ ಸೋದರಮಾವನ ಮನೆತನದ ಹೆಸರು ಹಿಡಿದು "ಅವರು ನಮಗೂ ಬೇಕಾದವರs ರೀ" ಅಂದ. ಜಾತಕ ಕೂಡಿದೆ, ರವಿವಾರ ಕನ್ಯಾ ನೋಡೋಕೆ ಬರುತ್ತೇವೆ ಅಂದ. ಇಷ್ಟೆಲ್ಲ ಗೊತ್ತಿರುವವನು ಕೇಂದ್ರದಿಂದಲೇ ಬಂದವನು ಅಂತ ಅಪ್ಪ ತಿಳಿದರು. ಯಾವ ತಂದೆ ಬೇರೆ ತಿಳಿಯುತ್ತಾನೆ ಹೇಳಿ?

ರವಿವಾರ ಬೆಳಿಗ್ಗೆಯಿಂದ ಮನೆ ತುಂಬ ಮಂದಿ. ಮುಧೋಳದಿಂದ ಅತ್ತೆ ಬಂದಿದ್ದರು. ತಂಗಿ ರಜೆ ಹಾಕಿ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಹನ್ನೊಂದರ ಸುಮಾರಿಗೆ ಫೋನ್ ಬಂತು. "ಬೀಗರs, ಹೇಳಾಕ ನಾಚಿಕಿ ಆಗತೈತ್ರೀ. ಕೊಲ್ಹಾರ ಬ್ರಿಜ್ ಹತ್ರ ಗಾಡಿ ಕೆಟ್ಟ ನಿಂತೈತಿ. ಹೆಣ್ಣಮಕ್ಕಳು ಬಿಸಲಾಗ ಕುಂತಾರ. ನಮ್ಮ ಫೋನ್‌ಪೇ ನಡೀವಲ್ದು. ಮೆಕ್ಯಾನಿಕ್‌ಗೆ ಹದಿನಾಲ್ಕು ಸಾವಿರ ಹಾಕ್ರಿ, ಬಂದ ಕೂಡಲೇ ಕೈಯಾಗ ಕೊಡ್ತೀನಿ."

ಕನ್ಯಾ ನೋಡೋಕೆ ಹೊರಟವರು ದಾರಿಯಲ್ಲಿ ನಿಂತಿದ್ದಾರೆ ಅಂದರೆ ಇಲ್ಲ ಅನ್ನೋಕೆ ಆಗುತ್ತಾ? ಅಪ್ಪ ಹಾಕಿದರು.

ಮೂರು ಗಂಟೆಯವರೆಗೆ ಕಾದೆವು. ಆ ನಂಬರ್ ಸ್ವಿಚ್ ಆಫ್. ಅಪ್ಪ ಗೇಟಿಗೆ ಹೋಗೋದು, ರಸ್ತೆ ನೋಡೋದು, ಒಳಗೆ ಬರೋದು, ಮತ್ತೆ ಹೋಗೋದು. ಪಕ್ಕದ ಮನೆಯವರು ಬಂದು "ಬೀಗರು ಬಂದ್ರೇನ್ರೀ?" ಅಂತ ಕೇಳಿ ಹೋದರು. ತಂಗಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ, ಇದನ್ನು ನಾನು ಮರೆಯೋದಿಲ್ಲ.

ಅವತ್ತು ಸಂಜೆ ಅಪ್ಪನ ನಂಬರ್ ಹಾಕಿ ಫೇಸ್‌ಬುಕ್‌ನಲ್ಲಿ ಹುಡುಕಿದೆ. ಆಗ ಸಿಕ್ಕಿತು ಆ ಪೋಸ್ಟ್. ಅದರ ಕೆಳಗೆ ತಂಗಿಯ ಫೋಟೋಗೆ ಬಂದ ಕಾಮೆಂಟುಗಳನ್ನು ಇಲ್ಲಿ ಬರೆಯೋಕಾಗಲ್ಲ.

ಕೇಂದ್ರದವರಿಗೆ ಫೋನ್ ಮಾಡಿದರೆ ಮೊದಲ ಉತ್ತರ: "ಮಂದಿಗೆ ಗೊತ್ತಾದ್ರ ಸಂಬಂಧ ಕೂಡತಾವ್ರೀ. ಎಲ್ಲಾರೂ ಹಿಂಗs ಮಾಡ್ತಾರ." ದುಡ್ಡಿನ ವಿಷಯ ಹೇಳಿದೆ. "ಹಾಕ್ರಿ ಅಂತ ನಾವು ಹೇಳಿದ್ವೇನ್ರೀ?" ಕೇಳದೆ ಹಾಕಿದ್ದು ಯಾಕೆ ಅಂದೆ. "ಫಾರ್ಮ್ ಮ್ಯಾಲೆ ಸಹಿ ಮಾಡೀರಲ್ಲ." ಆ ಫಾರ್ಮ್ ನನ್ನ ಹತ್ತಿರ ಇದೆ. ಫೇಸ್‌ಬುಕ್ ಅನ್ನೋ ಶಬ್ದವೇ ಅದರಲ್ಲಿಲ್ಲ! ಅದನ್ನೂ ಹೇಳಿದೆ. ಆಗ ಅಂದದ್ದು: "ಹೆಣ್ಣು ಕೊಡಾಕ ಕುಂತೀರಿ, ಇದರಾಗ ಮುಚ್ಚಿಡೂದ ಏನೈತ್ರೀ?"

ಮುಚ್ಚಿಡೋದು ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದ್ದು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಬಂದ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆ ಕೂಡ, ಒಂದು ಕೆಲಸಕ್ಕೆ ಒಪ್ಪಿಗೆ ಪಡೆದು ತಗೊಂಡ ಮಾಹಿತಿ ಆ ಕೆಲಸಕ್ಕೇ ಅನ್ನುತ್ತೆ. ಗಂಡಿನ ಮನೆಯವರಿಗೆ ತೋರಿಸಿ ಅಂತ ಕೊಟ್ಟಿದ್ದು ಊರಿಗೆಲ್ಲ ಹಂಚಿ ಅಂತ ಅಲ್ಲ.

"ತೆಗೀತೀವಿ, ತೆಗೀತೀವಿ" ಅಂತ ಹೇಳಿಕೊಂಡೇ ಬಂದರು. ನಾನು ಪೋಸ್ಟ್ ಕೆಳಗೆ ಬರೆದ ಮೇಲೆ ನನ್ನನ್ನೇ ಬ್ಲಾಕ್ ಮಾಡಿದರು. ಪೋಸ್ಟ್ ಈಗ ಹೋಗಿದೆ. ಆದರೆ ಅಷ್ಟರಲ್ಲಿ ಅದು ಎಷ್ಟು ವಾಟ್ಸಾಪ್ ಗ್ರೂಪಿಗೆ ಹೋಗಿತ್ತೋ. ತಂಗಿಯ ಅದೇ ಫೋಟೋ ಹಾಕಿ ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ನಕಲಿ ಖಾತೆ ತೆರೆದು ಅವಳ ಜೊತೆ ಕೆಲಸ ಮಾಡುವವರಿಗೆ ರಿಕ್ವೆಸ್ಟ್ ಕಳಿಸಿದ್ದಾರೆ. ಅವಳು ಮಾಡಿದ್ದಾದರೂ ಏನು?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ. ನಿಮಗೆ ಹೀಗಾದರೆ ಮೊದಲು 1930, ಆಮೇಲೆ ಉಳಿದ ಮಾತು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮುಂಚೆ ಹೇಳಿದರೆ ತಡೆಯಬಹುದು. ಮೋಸ ಮಾಡಿದವನಿಗೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಮಿನ ಪ್ರಕಾರ 3 ವರ್ಷದವರೆಗೆ ಜೈಲು ಇದೆ. ಸಿಕ್ಕರೆ.

ಬಯೋಡಾಟಾದಲ್ಲಿ ವಿಳಾಸ, ಕೆಲಸದ ಜಾಗ, ಹುಟ್ಟಿದ ವೇಳೆ ಹಾಕಬೇಡಿ. ಹುಟ್ಟಿದ ವರ್ಷ ಸಾಕು, ಜಾತಕ ಆಮೇಲೆ ಕೈಯಲ್ಲಿ ಕೊಡಿ. ಫೋಟೋ ಮೇಲೆ ಅಡ್ಡಕ್ಕೆ ಆ ಕೇಂದ್ರದ ಹೆಸರು ಬರೆದು ಕೊಡಿ. ಫೇಸ್‌ಬುಕ್, ವಾಟ್ಸಾಪ್ ಗ್ರೂಪಿಗೆ ಹಾಕಬಾರದು ಅಂತ ಫಾರ್ಮಿನಲ್ಲಿ ಬರೆದು ಅವರಿಂದಲೂ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದರೆ ಎದ್ದು ಬನ್ನಿ.

ನಿನ್ನೆ ಸ್ನೇಹಿತನ ಫೋನಿನಲ್ಲಿ ಆ ಪೇಜ್ ನೋಡಿದೆ. ಜಮಖಂಡಿ ಕಡೆಯ ಇನ್ನೊಂದು ಹುಡುಗಿ. ಅದೇ ಹೂವಿನ ಅಂಚು, ಅಪ್ಪನ ನಂಬರ್, ಮನೆ ವಿಳಾಸ ಎಲ್ಲ. ಆ ನಂಬರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರಿಗೂ ಯಾರೂ ಕೇಳಿಲ್ಲ, ಗೊತ್ತೂ ಇಲ್ಲ. ನೀವು ಎಲ್ಲಾದರೂ ಬಯೋಡಾಟಾ ಕೊಟ್ಟಿದ್ದರೆ ಇವತ್ತೇ ಆ ಕೇಂದ್ರದ ಪೇಜ್ ತೆಗೆದು ನೋಡಿ. ನಿಮ್ಮ ನಂಬರ್ ಹಾಕಿಯೂ ಹುಡುಕಿ.