ಆನೆ ವಿಷಯ ಕೂತು ಮಾತಾಡಲು: ಮೈಕ್ ಸಭೆಯೋ, ದುಂಡು ಕೂಟವೋ, ಖಾಲಿ ಕುರ್ಚಿಯೋ?

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಸೀಮೆಯಲ್ಲಿ ಕಾಡಾನೆ ವಿಷಯಕ್ಕೆ ಜನ ಸೇರಿಸಿದರೆ ಬರುವವರು ಒಂದೇ ಬಗೆಯವರಲ್ಲ. ದೊಡ್ಡ ತೋಟದ ಮಾಲೀಕರು, ಎರಡು ಎಕರೆ ಕಾಫಿ ಇಟ್ಟುಕೊಂಡವರು, ಭತ್ತದ ಗದ್ದೆಯವರು, ಲೈನ್ ಮನೆಯ (ತೋಟದೊಳಗಿನ ಸಾಲುಮನೆಗಳ) ಕಾರ್ಮಿಕರು, ಅರಣ್ಯ ಇಲಾಖೆಯ ವಾಚರ್‌ಗಳು. ಬೆಳಗಿನ ಮಂಜಿನಲ್ಲಿ ಆನೆ ಹೆಚ್ಚಾಗಿ ಎದುರಾಗುವುದು ಕೊನೆಯ ಇಬ್ಬರಿಗೆ, ಸಭೆಯಲ್ಲಿ ಹೆಚ್ಚು ಮಾತಾಡುವವರು ಮೊದಲ ಇಬ್ಬರು. ಮೂರು ಬಗೆಯ ಕೂಟ ನಡೆಸಿ ನೋಡಿದ ಮೇಲೆ ನಮ್ಮ ಅಳತೆಗೋಲು ಇಷ್ಟೇ: ಲೈನ್ ಮನೆಯ ಹೆಂಗಸರು ಬಾಯಿ ಬಿಟ್ಟರೇ?

ಮೈಕ್ ಸಭೆ

ವೇದಿಕೆ, ಸಾಲು ಕುರ್ಚಿ, ಒಂದು ಮೈಕ್. 150 ಜನ ಬಂದರೂ ಸುಧಾರಿಸುತ್ತದೆ, ತಯಾರಿ ಒಂದು ದಿನದ್ದು. ಆದರೆ ಎರಡು ಗಂಟೆಯ ಸಭೆಯಲ್ಲಿ ಸ್ವಾಗತ, ಹಾರ, ಪ್ರಾಸ್ತಾವಿಕಕ್ಕೆ ಮುಕ್ಕಾಲು ಗಂಟೆ ಹೋಗುತ್ತದೆ. ಉಳಿದದ್ದರಲ್ಲಿ ಹತ್ತು ಹನ್ನೆರಡು ಜನ ಮಾತಾಡಿಯಾರು, ಅದೂ ಭಾಷಣ. ಅಧಿಕಾರಿ ಮೇಲೆ ಕೂತಿರುವುದರಿಂದ ಎಲ್ಲ ಮಾತೂ ಅವರ ಕಡೆಗೇ, ಎಲ್ಲ ಮಾತೂ ಪರಿಹಾರದ ಹಣಕ್ಕೇ ಹೋಗಿ ನಿಲ್ಲುತ್ತದೆ. ಒಬ್ಬರ ಸೋಲಾರ್ ಬೇಲಿ ಆನೆಯನ್ನು ಪಕ್ಕದವರ ಗದ್ದೆಗೆ ತಿರುಗಿಸುತ್ತಿದೆ ಎಂಬ ಅಸಲಿ ಜಗಳ ಅಲ್ಲಿ ಏಳುವುದೇ ಇಲ್ಲ. ಅದು ಏಳುವುದು ಸಭೆ ಮುಗಿದ ಮೇಲೆ ಟೀ ಅಂಗಡಿಯಲ್ಲಿ.

ಒಪ್ಪಿದ್ದನ್ನು ನಡಾವಳಿಗೆ ಹತ್ತಿಸಬೇಕಾದಾಗ ಮಾತ್ರ ಇದೇ ಸರಿ. ಆ ಕೆಲಸಕ್ಕೆ ಗ್ರಾಮಸಭೆ ಇದೆ, ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು.

ದುಂಡು ಕೂಟ

12ರಿಂದ 15 ಜನ, ಒಂದೇ ಸುತ್ತು, ಕೈಯಿಂದ ಕೈಗೆ ಒಂದು ವಸ್ತು. ವಸ್ತು ಹಿಡಿದವರು ಮಾತಾಡಬೇಕು, ಉಳಿದವರು ಕೇಳಬೇಕು, ಬೇಡವಾದರೆ ಮುಂದಕ್ಕೆ ದಾಟಿಸಬಹುದು. ತೆಂಗಿನಕಾಯಿ ಇಡಬೇಡಿ, ಜನ ಆಣೆ ಪ್ರಮಾಣವೆಂದೇ ತಿಳಿಯುತ್ತಾರೆ. ಟಾರ್ಚ್ ಒಳ್ಳೆಯದು, ಆ ಊರುಗಳಲ್ಲಿ ಎಲ್ಲರ ಕೈಗೂ ಪಳಗಿದ್ದು. (ಸೆಲ್ ತೆಗೆದಿಡಿ. ಇಲ್ಲದಿದ್ದರೆ ಯೋಚಿಸುತ್ತಾ ಸ್ವಿಚ್ ಒತ್ತುತ್ತಲೇ ಇರುತ್ತಾರೆ.)

ಲೆಕ್ಕ ಹಾಕಿಕೊಳ್ಳಿ: 14 ಜನ, ತಲಾ ಮೂರು ನಿಮಿಷ ಅಂದರೆ ಒಂದು ಸುತ್ತಿಗೆ 42 ನಿಮಿಷ. ಎರಡು ಸುತ್ತು ಬೇಕೇಬೇಕು. ಮೊದಲ ಸುತ್ತಿನಲ್ಲಿ ಜನ ಗೊತ್ತಿದ್ದ ಮಾತನ್ನೇ ಹೇಳುತ್ತಾರೆ, ಎರಡನೆಯದರಲ್ಲಿ ಪಕ್ಕದವರಿಂದ ಕೇಳಿದ್ದಕ್ಕೆ ಮಾತು ಕೂಡಿಸುತ್ತಾರೆ. ಜನ 20 ದಾಟಿದರೆ ಕಾಯುವವರು ಮೊಬೈಲ್ ತೆಗೆಯುತ್ತಾರೆ. ಅಸ್ಸಾಂ ಕಡೆಯ ಕಾರ್ಮಿಕರಿದ್ದು ಅನುವಾದ ಬೇಕಾದರೆ ಎಂಟು ಜನಕ್ಕೇ ನಿಲ್ಲಿಸಿ, ಸಮಯ ಎರಡರಷ್ಟಾಗುತ್ತದೆ.

ಇಲ್ಲಿ ಕೆಡುವುದು ಒಂದೇ ಕಡೆ, ದಣಿ ಮತ್ತು ಆಳು ಒಂದೇ ಸುತ್ತಿನಲ್ಲಿ ಕೂತಾಗ. ಮಾಲೀಕರು ಮೊದಲು ಮಾತಾಡಿದರೆ ಅವರ ತೋಟದವರೆಲ್ಲ ‘ಅಣ್ಣ ಹೇಳಿದ್ದೇ’ ಎಂದು ಟಾರ್ಚ್ ದಾಟಿಸುತ್ತಾರೆ. ಕಾರ್ಮಿಕರ ಸುತ್ತನ್ನು ಬೇರೆಯಾಗಿ, ತೋಟದ ಹೊರಗೆ, ಶಾಲೆಯಲ್ಲೋ ಸಮುದಾಯ ಭವನದಲ್ಲೋ ಇಡಿ. ಹಾಗೆ ಇಟ್ಟಾಗ ಹೆಂಗಸರೇ ಹೆಚ್ಚು ಮಾತಾಡುತ್ತಾರೆ.

ಖಾಲಿ ಕುರ್ಚಿ

ಫಿಶ್‌ಬೌಲ್ ಎಂದು ಕರೆಯುವ ಪದ್ಧತಿ. ಒಳಗೆ ಐದು ಕುರ್ಚಿ, ಸುತ್ತ 40–50 ಜನ. ಒಳಗಿದ್ದವರಷ್ಟೇ ಮಾತಾಡುತ್ತಾರೆ. ಒಂದು ಕುರ್ಚಿ ಸದಾ ಖಾಲಿ. ಹೊರಗಿನವರು ಬಂದು ಅದರಲ್ಲಿ ಕೂತರೆ ಒಳಗಿನವರಲ್ಲಿ ಒಬ್ಬರು ಎದ್ದು ಜಾಗ ಬಿಡಬೇಕು. ಬೇಲಿಯ ಜಗಳ ಮುಖಾಮುಖಿಯಾಗಿ, ಕೂಗಾಟವಿಲ್ಲದೆ ಹೊರಬರುವುದು ಇಲ್ಲಿಯೇ. ನಾಲ್ಕೇ ಜನ ಮಾತಾಡುತ್ತಿದ್ದರೆ ದನಿ ಏರಿಸುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಜನಕ್ಕೆ ಹೊಂದಬೇಕಾದರೆ ಕೆಲವು ತಿದ್ದುಪಡಿ ಬೇಕು. ಹಿರಿಯರ ಮುಂದೆ ಹಾದು ಹೋಗಿ ಒಬ್ಬಳೇ ನಡುವೆ ಕೂರಲು ಯಾವ ಹೆಂಗಸೂ ಏಳುವುದಿಲ್ಲ. ಹಾಗಾಗಿ ಖಾಲಿ ಕುರ್ಚಿ ಎರಡಿರಲಿ, ಹೆಂಗಸರು ಕೂತ ಕಡೆಗೇ ಇರಲಿ, ಜೋಡಿಯಾಗಿ ಬರಲಿ. ಒಳಗೆ ಕುರ್ಚಿ, ಹೊರಗೆ ಜಮಖಾನ ಹಾಕಿದರೆ ಅದು ಮತ್ತೆ ವೇದಿಕೆಯೇ. ಎಲ್ಲರಿಗೂ ಕುರ್ಚಿ, ಇಲ್ಲವೇ ಎಲ್ಲರಿಗೂ ಜಮಖಾನ. ಯಾರಿಗೋ ತಂದಿಟ್ಟ ಮೆತ್ತೆ ಕುರ್ಚಿಯನ್ನು ಮೊದಲೇ ಒಳಕೋಣೆಗೆ ಸಾಗಿಸಿ. ಅರಣ್ಯ ಸಿಬ್ಬಂದಿ ಮೊದಲ ಅರ್ಧ ಗಂಟೆ ಹೊರಗೆ ಕೂತು ಕೇಳಲಿ. ಆಮೇಲೆ ಒಳಬಂದಾಗ ಮೊದಲು ಹೇಳಬೇಕಾದ್ದು ಉತ್ತರವಲ್ಲ, ತಾವು ಕೇಳಿಸಿಕೊಂಡದ್ದು. ಇದನ್ನು ಹಿಂದಿನ ದಿನವೇ ಅವರೊಂದಿಗೆ ಮಾತಾಡಿ ಒಪ್ಪಿಸಿರಬೇಕು.

ಮೊದಲ ಹತ್ತು ನಿಮಿಷ ಯಾರೂ ಏಳುವುದಿಲ್ಲ. ನಡೆಸುವವರು ಗಾಬರಿಯಾಗಿ ತಾವೇ ಮಾತು ತುಂಬಿದರೆ ಕೂಟ ಕೆಟ್ಟಿತು.

ಹಾಗಾದರೆ ಯಾವುದು?

ನಮ್ಮ ಆಯ್ಕೆ ಮೂರೂ, ಆದರೆ ತಲೆಕೆಳಗಾದ ಕ್ರಮದಲ್ಲಿ. ಮೊದಲು ಬೇರೆ ಬೇರೆ ದುಂಡು ಕೂಟ ಮೂರೋ ನಾಲ್ಕೋ, ಹದಿನೈದು ದಿನದೊಳಗೆ ಒಂದು ಖಾಲಿ ಕುರ್ಚಿ, ಕೊನೆಗೆ ಗ್ರಾಮಸಭೆಯ ಮೈಕ್. ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಕಾರ್ಮಿಕರ ದುಂಡು ಕೂಟ ಮಾಡಿ.

ಯಾವ ಕೂಟವಾದರೂ ಪ್ರಶ್ನೆ ಕೆಟ್ಟರೆ ಎಲ್ಲ ಕೆಟ್ಟಂತೆ. ‘ಆನೆ ಹಿಡಿಯಬೇಕೋ ಬೇಡವೋ’ ಎಂದು ಕೇಳಿದ ಗಳಿಗೆಯಲ್ಲೇ ಎರಡು ಪಕ್ಷ. ‘ಹೋದ ಕೊಯ್ಲಿನಿಂದ ಈಚೆಗೆ ನಿಮ್ಮ ಮನೆಯಲ್ಲಿ ಏನೇನು ಬದಲಾಯಿತು?’ ಎಂದು ಕೇಳಿ. ಮಕ್ಕಳು ಶಾಲೆಗೆ ಹೋಗುವ ದಾರಿ, ಆನೆ ತಿನ್ನಲು ಬರುತ್ತದೆಂದು ಬೈನೆ ಮರ ಕಡಿದದ್ದು, ಸಂಜೆ ಐದಕ್ಕೇ ಬಾಗಿಲು ಹಾಕುವುದು, ಎಲ್ಲ ಬರುತ್ತದೆ. ಸೆರೆ ಕಾರ್ಯಾಚರಣೆಯ ಮಾತು ಬಂದರೆ 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಅಂಥದೇ ಕಾರ್ಯಾಚರಣೆಯಲ್ಲಿ ಸತ್ತ ದಸರಾ ಆನೆ ಅರ್ಜುನನ ಕಡೆ ಹೊರಳುವುದು ಸಹಜ. ತಡೆಯಬೇಡಿ, ಗೋಡೆಯ ಮೇಲೆ ಬೇರೆ ಹಾಳೆ ಅಂಟಿಸಿ ಅದರಲ್ಲಿ ಬರೆದಿಡಿ. ಬರೆಯುವುದು ಅವರದೇ ಮಾತಿನಲ್ಲಿರಲಿ: ‘ಪರಿಹಾರ ವಿಳಂಬ’ ಎಂದಲ್ಲ, ‘ಅರ್ಜಿ ಹಿಡ್ಕಂಡು ಮೂರು ಸಲ ತಿರುಗಿದೆ’ ಎಂದೇ.

ದಿನ ನೋಡಿ ಗೊತ್ತುಮಾಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಯಾರೂ ಸಿಗರು. ಸಂತೆಯ ದಿನ ಬೇಡ, ಬಂದರೆ ಕೂಲಿ ತಪ್ಪುವ ದಿನವೂ ಬೇಡ. ಎರಡು ಗಂಟೆಗೆ ಶುರುಮಾಡಿ ನಾಲ್ಕೂವರೆಗೆ ಮುಗಿಸಿ, ಕತ್ತಲಾಗುವ ಮೊದಲು ಜನ ಮನೆ ಸೇರಬೇಕು. ಆನೆ ದಾಳಿಯಲ್ಲಿ ಸಾವಾಗಿದ್ದರೆ ತಿಥಿ ಕಳೆಯುವವರೆಗೆ ಯಾವ ಕೂಟವನ್ನೂ ಕರೆಯಬೇಡಿ. ಆಗ ಜನ ರಸ್ತೆಗೆ ಇಳಿಯುತ್ತಾರೆ, ಅದು ಅವರ ಹಕ್ಕು.