ಹೊಟ್ಟೆಗೆ ಅಂಟಿಸುವ ಹಾರ್ಮೋನ್ ಪಟ್ಟಿ: ಹದಿನಾಲ್ಕು ತಿಂಗಳ ಅನುಭವ

ಮುಟ್ಟು ನಿಂತ ವರ್ಷ ನಾನು ನಿದ್ದೆಯನ್ನೇ ಮರೆತಿದ್ದೆ. ರಾತ್ರಿ ನಾಲ್ಕೈದು ಸಲ ಎದೆಯಿಂದ ನೆತ್ತಿಗೆ ಕಾವು ಏರುತ್ತಿತ್ತು. ಬೆವರಿನಲ್ಲಿ ತೊಯ್ದ ಬಟ್ಟೆ ಬದಲಿಸಿ ಮಲಗುವಷ್ಟರಲ್ಲಿ ಮತ್ತೆ ಚಳಿ. ಮೊದಲು ಕಂಡ ವೈದ್ಯರು "ಈ ವಯಸ್ಸಿಗೆ ಇದೆಲ್ಲ ಸಹಜ" ಎಂದು ಕಳುಹಿಸಿದರು. ಎರಡನೆಯವರು ಈಸ್ಟ್ರಡಯಾಲ್ (ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಒಂದು ರೂಪ) ಪಟ್ಟಿ ಬರೆದುಕೊಟ್ಟರು. ಆಗ ನನಗೆ 51.

ಅದು ಹೆಬ್ಬೆರಳಿನಗಲದ ತೆಳುವಾದ ಪಟ್ಟಿ. ಹೊಕ್ಕುಳಿನ ಕೆಳಗೆ ಅಂಟಿಸಿಕೊಂಡು ವಾರಕ್ಕೆರಡು ಸಲ ಬದಲಿಸಬೇಕು. ಮಾತ್ರೆ ಏಕೆ ಬೇಡವೆಂದು ಕೇಳಿದೆ. ನನ್ನ ತಾಯಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗಿ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದರೆ ಆ ದಾರಿ ತಪ್ಪುತ್ತದೆ ಎಂದರು. ಗರ್ಭಕೋಶ ಇರುವುದರಿಂದ ರಾತ್ರಿಗೊಂದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಗುಳಿಗೆಯೂ ಬೇಕೇ ಬೇಕು. ಬರೀ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಕ್ಯಾನ್ಸರ್‌ವರೆಗೂ ಹೋಗಬಹುದು. ಆ ಗುಳಿಗೆ ತೂಕಡಿಕೆ ತರಿಸುತ್ತದೆ. ನನಗಂತೂ ಅದೇ ಬೇಕಾಗಿತ್ತು!

ಮೂರನೇ ವಾರಕ್ಕೆ ಕಾವು ಇಳಿಯಿತು. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಮಲಗಿದವಳು ಬೆಳಗ್ಗೆಯೇ ಎದ್ದೆ. ಯೋನಿಯ ಉರಿಯೂ ಹೋಯಿತು. ತೂಕ ಮಾತ್ರ ಒಂದಿಷ್ಟೂ ಇಳಿಯಲಿಲ್ಲ, ಮಂಡಿನೋವು ಇದ್ದಲ್ಲೇ ಇದೆ.

ದೂರುಗಳೂ ಇವೆ. ಪಟ್ಟಿಯ ಅಂಚಿಗೆ ಬಟ್ಟೆಯ ನೂಲು ಅಂಟಿ ಕಪ್ಪು ಚೌಕಟ್ಟಾಗುತ್ತದೆ. ತೆಗೆದ ಜಾಗ ಎರಡು ದಿನ ತುರಿಸುತ್ತದೆ. ಸ್ನಾನದ ಬೆನ್ನಿಗೇ, ಮೈ ಸರಿಯಾಗಿ ಆರುವ ಮೊದಲು ಅಂಟಿಸಿದ್ದು ಒಮ್ಮೆ ಹಾಸಿಗೆಯಲ್ಲಿ ಸಿಕ್ಕಿತು. ಮೊದಲ ಎರಡು ತಿಂಗಳು ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಅದನ್ನು ವೈದ್ಯರಿಗೆ ತಿಳಿಸಿ ಪರೀಕ್ಷೆ ಮಾಡಿಸಿಕೊಂಡೆ.

"ಕ್ಯಾನ್ಸರ್‌ಗೆ ದುಡ್ಡು ಕೊಟ್ಟು ಆಹ್ವಾನವೇ?" ಎಂದು ಅಕ್ಕ ಕೇಳಿದಳು. ಅವಳ ಭಯದ ಬೇರು 2002ರಲ್ಲಿ ಅಮೆರಿಕದಲ್ಲಿ ನಡುವೆಯೇ ನಿಲ್ಲಿಸಿದ ದೊಡ್ಡ ಅಧ್ಯಯನದಲ್ಲಿದೆ. ಅಲ್ಲಿ ಎರಡೂ ಹಾರ್ಮೋನಿನ ಮಾತ್ರೆ ನುಂಗಿದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 8 ಹೆಚ್ಚುವರಿ ಸ್ತನ ಕ್ಯಾನ್ಸರ್, 8 ಹೆಚ್ಚುವರಿ ಪಾರ್ಶ್ವವಾಯು ಕಂಡವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು. ಆದರೆ ಅವರ ಸರಾಸರಿ ವಯಸ್ಸು 63, ಔಷಧವೂ ಬೇರೆ. 60ರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡುವ ಆರೋಗ್ಯವಂತರಿಗೆ ಲೆಕ್ಕ ಸಾಮಾನ್ಯವಾಗಿ ಲಾಭದ ಕಡೆಗೇ ವಾಲುತ್ತದೆ. ಹಾಗೆಂದು ಅಪಾಯ ಸೊನ್ನೆಯಲ್ಲ. ಎರಡೂ ಹಾರ್ಮೋನು ಸೇರಿದಾಗ ವರ್ಷಗಳು ಕಳೆದಂತೆ ಸ್ತನ ಕ್ಯಾನ್ಸರ್‌ನ ಅಪಾಯ ಏರುತ್ತದೆ. ಅಕ್ಕನಿಗೆ ಈ ಅರ್ಧವನ್ನೂ ಹೇಳಿದೆ. ಸ್ತನ ಕ್ಯಾನ್ಸರ್ ಆಗಿದ್ದ ನನ್ನ ಗೆಳತಿಗೆ ಅವಳ ವೈದ್ಯರು ಇದನ್ನು ಕೊಡಲಿಲ್ಲ, ಹಾರ್ಮೋನ್ ಇಲ್ಲದ ಮಾತ್ರೆ ಕೊಟ್ಟರು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಅಂಟಿನದು. ಮುಂದಿನ ತಿಂಗಳು ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಇದೆ. ಮುಂದುವರಿಸಬೇಕೇ ಎಂದು ಅದನ್ನು ನೋಡಿದ ಮೇಲೆ ವೈದ್ಯರೊಂದಿಗೆ ಕೂತು ಮಾತಾಡುತ್ತೇನೆ.